ನಾನು ಒಂದು ಗಂಟೆಗೆ ಉಂಡೆ

ಗುಲ್ವಾಡಿ
29-1-2002, ಮಂಗಳವಾರ

ಪ್ರೀತಿಯ ಮಗಳು ಸುಪ್ರೀತಾ,

ನಿನ್ನ ಕಾಲು ಬಾತುಕೊಳ್ಳುವುದು ಕಡಿಮೆಯಾಯಿತೇ? ಆರನೇ ತಿಂಗಳಲ್ಲಿ ನನಗೂ ಹಾಗೇ ಆಗಿತ್ತು, ಹೆದರಬೇಡ. ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಜ್ಜಿಯ ಕೆಮ್ಮು ಹೋಯಿತು, ಸಿಟ್ಟು ಇದೆ.

ಬ್ರಹ್ಮಾವರದ ನಿಮ್ಮ ಮನೆಯಿಂದ ಬಂದ ಕೂಡಲೇ ಕಾಗದ ಹಾಕುತ್ತೇನೆ ಎಂದು ಹೇಳಿ ಬಂದಿದ್ದೆ. ತಿಂಗಳೇ ಕಳೆಯಿತು. ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡ. ಎರಡು ಸಲ ಬರೆಯಲು ಕುಳಿತು ಹರಿದು ಹಾಕಿದೆ. ಫೋನಿನಲ್ಲಿ ಹೇಳುವ ವಿಷಯವಲ್ಲ. ನಿಮ್ಮ ಮನೆಯ ಫೋನು ನಿನ್ನ ಅತ್ತೆಯ ಕುರ್ಚಿಯ ಪಕ್ಕದಲ್ಲಿದೆ. ನಮ್ಮದು ನಿನ್ನ ಅಪ್ಪಯ್ಯ ಕೂರುವ ಜಾಗದಲ್ಲಿ.

ವಿಷಯ ಇಷ್ಟೇ. ಈ ಮನೆಯಲ್ಲಿ ನಾನು ಒಂದು ಗಂಟೆಗೆ ಉಂಡೆ.

ನಗಬೇಡ. ನಮ್ಮ ಮನೆಯ ಊಟ ನಿನಗೆ ಗೊತ್ತು. ಅಜ್ಜಿಗೆ ಹನ್ನೊಂದಕ್ಕೆ ಗಂಜಿ. ನಿನ್ನ ತಮ್ಮ ಕೌಶಲ್ ಬೈಕಿನ ಶೋರೂಮಿನಿಂದ ಒಂದಕ್ಕೆ ಬಂದು, ಹೆಲ್ಮೆಟ್ ತೆಗೆಯುವ ಮೊದಲೇ "ಅಮ್ಮ, ಬಡ್ಸ್" ಅನ್ನುತ್ತಾನೆ. ಅಪ್ಪಯ್ಯ ಕುಂದಾಪುರದ ಹೋಟೆಲಿನಲ್ಲಿ ಮಧ್ಯಾಹ್ನದ ಗಿರಾಕಿಗಳನ್ನೆಲ್ಲ ಕಳಿಸಿ ಮನೆಗೆ ಮುಟ್ಟುವಾಗ ಮೂರೂವರೆ. ಊರಿಗೆಲ್ಲ ಊಟ ಹಾಕುವವರಿಗೆ ತಮ್ಮ ಹೋಟೆಲಿನ ಅನ್ನ ಹೊಟ್ಟೆಗೆ ಆಗುವುದಿಲ್ಲವಂತೆ! ಅವರಿಗೆ ಮತ್ತೆ ಎಲ್ಲ ಬಿಸಿ ಮಾಡಿ, ಬಡಿಸಿ, ಅವರು ಕೈ ತೊಳೆದ ಮೇಲೆ ನನ್ನ ಊಟ. ಅಷ್ಟರಲ್ಲಿ ಅಜ್ಜಿಯ ಚಾದ ಹೊತ್ತು. ಇಪ್ಪತ್ತೇಳು ವರ್ಷ ನಾನು ಒಂದು ಕಣ್ಣು ಗೇಟಿನ ಕಡೆ ಇಟ್ಟುಕೊಂಡೇ ಬದುಕಿದೆ.

ಹೊಸ ವರ್ಷದ ಮೊದಲ ವಾರ ಒಂದು ದಿನ, ಕೌಶಲನಿಗೆ ಬಡಿಸಿ ನನಗೂ ಒಂದು ಬಟ್ಟಲು ಇಟ್ಟುಕೊಂಡೆ. ಬೈಗೆ ಮೀನಿನ ಸಾರು ಒಲೆಯಿಂದ ಆಗತಾನೇ ಇಳಿದಿತ್ತು. ಹುಡುಗ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ.

"ಅಮ್ಮ, ಹುಷಾರಿಲ್ಯಾ?"

"ಹುಷಾರಿದ್ದೆ. ಅದ್ಕೇ ಹಸಿವಾಯ್ತ್" ಎಂದೆ.

ಮೂರೂವರೆಗೆ ಅಪ್ಪಯ್ಯ ಬಂದರು. ಬಡಿಸುತ್ತಾ ನಾನೇ ಹೇಳಿದೆ, ಕದ್ದು ಉಂಡವಳಲ್ಲವಲ್ಲ. ಅವರ ಮುಖ ಕೆಂಪಾಯಿತು.

"ನಾ ಉಂಬುಕ್ ಮುಂಚೆ ನೀ ಉಂಡ್ಯಾ?"

"ಹೌದ್, ಉಂಡೆ. ನಾಳೆಯೂ ಉಂತೆ. ನಾಳಿಂದ ಅನ್ನ, ಸಾರ್ ಎಲ್ಲ ಮೇಜಿನ ಮೇಲೆ ಮುಚ್ಚಿ ಇಡ್ತೆ. ಬಂದವ್ರ್ ಹಾಕ್ಕಂಡ್ ಉಣ್ಣಿ."

"ಇದೆಂತ ಹೋಟ್ಲಾ?"

"ನಿಮ್ಮ ಹೋಟ್ಲಂಗೆ ಹೋದ್ ವರ್ಷ ಸೆಲ್ಫ್ ಸರ್ವಿಸ್ ಮಾಡ್ಲಿಲ್ಯಾ? ದುಡ್ಡ್ ಕೊಟ್ಟ್ ಉಂಬವ್ರೇ ಎದ್ದ್ ತಕಂತ್ರ್. ನೀವ್ ತಕಂಬ್ಕಾಗ್ದಾ?"

ಸುಪ್ರೀತಾ, ಇದು ನನ್ನ ಬಾಯಿಂದ ಬಂತು ಅಂತ ನನಗೇ ನಂಬಿಕೆಯಾಗಲಿಲ್ಲ. ಅವರು ಬಟ್ಟಲು ಅತ್ತ ಸರಿಸಿ ಎದ್ದು ಹೋದರು. ಜೀಪು ಗೇಟು ದಾಟುವವರೆಗೂ ನೋಡುತ್ತಾ ನಿಂತೆ. ಆದರೆ ಹಿಂದೆ ಓಡಲಿಲ್ಲ.

ಅಜ್ಜಿ ಒಳಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. "ಗಂಡ್ಸ್ರ್ ಉಂಬುಕ್ ಮುಂಚೆ ಹೆಂಗ್ಸ್ರ್ ಉಂಡದ್ ಈ ಮನ್ಯಂಗೆ ನಾ ಕಂಡದ್ದಿಲ್ಲ" ಎಂದರು. ನನಗೂ ಸಿಟ್ಟು ಬಂದಿತ್ತು. "ಅತ್ತೆ, ನೀವ್ ಎಷ್ಟೊತ್ತಿಗೆ ಉಂತಿದ್ರಿ?" ಎಂದು ಕೇಳಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಸೆರಗಿನ ಅಂಚು ಉಜ್ಜುತ್ತಾ ಕೂತರು. ತಲೆ ಎತ್ತದೆ ಹೇಳಿದರು: "ಉಳ್ದ್ರೆ ಉಂತಿದ್ದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಈ ಮಾತು ಅವರನ್ನು ಕೇಳಿರಲಿಲ್ಲ. ಅವರು ಬಡಿಸಿದ ದಿನಗಳಲ್ಲಿ ಹೊಲದ ಕೆಲಸದವರು ಸೇರಿ ಇಪ್ಪತ್ತು ಜನ ಉಣ್ಣುತ್ತಿದ್ದರಂತೆ. ಮರುದಿನ ಹನ್ನೊಂದರ ಗಂಜಿ ಬೇಡವೆಂದರು. ಒಂದು ಗಂಟೆಗೆ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು. "ನಂಗೂ ಹಾಕ್" ಎಂದರು, ಅಷ್ಟೇ. ಮೀನಿನ ನಡುತುಂಡು ಅವರಿಗೇ ಹಾಕಿದೆ. ಮುಳ್ಳು ತೆಗೆದು ತೆಗೆದು ಅರ್ಧ ಗಂಟೆ ಉಂಡರು.

ಅಪ್ಪಯ್ಯ ಎಂಟು ದಿನ ಮನೆಯಲ್ಲಿ ಮಧ್ಯಾಹ್ನ ಉಣ್ಣಲಿಲ್ಲ. ತಮ್ಮ ಹೋಟೆಲಿನಲ್ಲೇ ಉಂಡರು. ಅಲ್ಲಿಯ ಅಡುಗೆಯ ಮುತ್ತ ಕೌಶಲನ ಹತ್ತಿರ ಗೋಳು ಹೇಳಿಕೊಂಡನಂತೆ: "ಧಣಿಯರ್ ದಿನಾ ಕೊದ್ದೆಲಿಗೆ ಉಪ್ಪ್ ಜಾಸ್ತಿ, ಹುಳಿ ಕಡ್ಮೆ ಅಂತ್ರ್. ಅಮ್ಮಂಗ್ ಒಂಚೂರ್ ರಾಜಿ ಆಪ್ಕ್ ಹೇಳಿ ಮಾರಾಯ್ರೆ!" ನಾನು ರಾಜಿ ಆಗಲಿಲ್ಲ. ಪ್ರತಿದಿನ ಅವರ ಪಾಲಿನ ಅನ್ನ, ಸಾರು ಮೇಜಿನ ಮೇಲೆ ಮುಚ್ಚಿಟ್ಟೆ. ಉಪವಾಸ ಹಾಕುವುದು ನನ್ನ ಉದ್ದೇಶವಾಗಿರಲಿಲ್ಲವಲ್ಲ.

ಈ ನಡುವೆ ನೆರೆಮನೆಯ ಪದ್ದು ಬಂದು, "ಗುಲಾಬಕ್ಕ, ಈ ಪ್ರಾಯದಂಗೆ ಇದೆಲ್ಲ ಎಂತಕೆ? ಜನ ನಗ್ತ್ರ್" ಎಂದಳು. "ನಗ್ಲಿ. ಅವ್ರ್ ಹೊಟ್ಟಿ ತುಂಬ ಉಂಡೇ ನಗುದಲ್ದಾ, ನಾನೂ ಉಂತೆ" ಎಂದೆ.

ಒಂಬತ್ತನೇ ದಿನ ಮೂರೂವರೆಗೆ ಜೀಪು ಬಂತು. ನಾನು ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದೆ. ಅವರು ನನ್ನ ಮುಂದೆಯೇ ಒಳಗೆ ಹೋದರು. ಮುಚ್ಚಳ ತೆಗೆಯುವ ಸದ್ದು, ಚಮಚ ಬಿದ್ದ ಸದ್ದು. ಆಮೇಲೆ ಕೂಗಿದರು, "ಉಪ್ಪಿನ್ಕಾಯ್ ಎಲ್ಲಿತ್?"

ನಿಜ ಹೇಳುತ್ತೇನೆ, ಮಗಳೇ, ಎಂಟು ದಿನ ಕಷ್ಟವಾಗಲಿಲ್ಲ, ಆ ಒಂದು ನಿಮಿಷ ಕಷ್ಟವಾಯಿತು. ನನ್ನ ಕಾಲು ತಾನಾಗಿಯೇ ಎದ್ದಿತ್ತು. ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದು ಕೂತಲ್ಲಿಂದಲೇ ಹೇಳಿದೆ: "ಕಪಾಟಿನ ಕೆಳಗಿನ ಹಲಗೆಯಂಗೆ. ನೀಲಿ ಭರಣಿ."

ಇಪ್ಪತ್ತೇಳು ವರ್ಷ ಉಂಡ ಮನೆಯಲ್ಲಿ ಉಪ್ಪಿನಕಾಯಿಯ ಜಾಗ ಅವರಿಗೆ ಅವತ್ತು ಗೊತ್ತಾಯಿತು. ಉಂಡರು. ಬಟ್ಟಲು ಮೇಜಿನ ಮೇಲೇ ಬಿಟ್ಟು ಹೋದರು. ತೊಳೆಯಲು ಹೇಳುವುದು ಇನ್ನೂ ಬಾಕಿ ಇದೆ, ಅದನ್ನೂ ಹೇಳುತ್ತೇನೆ. ನನ್ನ ಹತ್ತಿರ ಅವರ ಮಾತು ಇನ್ನೂ ಅಗತ್ಯಕ್ಕೆ ಮಾತ್ರ. ಇರಲಿ. ಮಾತಿಲ್ಲದಿದ್ದರೂ ಒಂದು ಗಂಟೆಗೆ ಹಸಿವಾಗುತ್ತದೆ, ನನಗಂತೂ ಆಗುತ್ತದೆ.

ನಿನ್ನ ಹೊಟ್ಟೆಯಲ್ಲಿರುವುದು ಗಂಡಾಗಲಿ ಹೆಣ್ಣಾಗಲಿ, ಹೊಟ್ಟೆತುಂಬ ಉಂಡು ಬೆಳೆಯಲಿ. ರತೀಶನಿಗೂ ಒಳ್ಳೆಯದಾಗಲಿ. ಅಳಿಯ ಒಳ್ಳೆಯವನೇ, ಅಡುಗೆಕೋಣೆಯ ಕಡೆ ಕಣ್ಣು ಹಾಯಿಸಿದವನಲ್ಲ, ಅಷ್ಟೇ.

ಯಾವಾಗಲೂ ನಿನ್ನವಳೇ,
ಅಮ್ಮ ಗುಲಾಬಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಇಟ್ಟದ್ದು. ಡಿಸೆಂಬರಿನಲ್ಲಿ ನಿಮ್ಮಲ್ಲಿಗೆ ಬಂದಾಗ ನೀನು ನನ್ನನ್ನು ಎಲ್ಲರ ಜೊತೆ ಒಂದಕ್ಕೇ ಕೂರಿಸಿ ಬಡಿಸಿದೆ. ಅಂಜಲ್ ಮೀನಿನ ಎರಡು ತುಂಡು ಹಾಕಿದೆ. ರುಚಿಯಾಗಿತ್ತು, ಎರಡನ್ನೂ ತಿಂದೆ. ಮೂರೂವರೆಗೆ ನೀರಿಗೆಂದು ಒಳಗೆ ಬಂದರೆ ನೀನು ಒಲೆಯ ಪಕ್ಕ ನಿಂತುಕೊಂಡು, ಪಾತ್ರೆಯಿಂದಲೇ, ಬರೀ ಸಾರು ಕಲಸಿದ ತಣ್ಣಗಿನ ಅನ್ನ ಉಣ್ಣುತ್ತಿದ್ದೆ. ಐದು ತಿಂಗಳ ಬಸುರಿ. ನಾನು ತಿಂದದ್ದು ನಿನ್ನ ತುಂಡು. "ಇದೆಂತ ಮಗಾ?" ಎಂದರೆ ನೀನು ನಕ್ಕು, "ನಿನ್ನ ಕಂಡೇ ಕಲ್ತದ್ ಅಮ್ಮ" ಎಂದೆ. ನನ್ನ ಮನಸ್ಸು ನೋಯಿಸಲು ಹೇಳಿದ್ದಲ್ಲ ಅಂತ ಗೊತ್ತು. ನೀನು ಹೆಮ್ಮೆಯಿಂದ ಹೇಳಿದೆ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಕುಂದಾಪುರ ಬರುವವರೆಗೂ ಅಳುತ್ತಲೇ ಇದ್ದೆ. ನಿನಗೆ ಅಡುಗೆ ಕಲಿಸಿದೆ, ಬಡಿಸುವುದು ಕಲಿಸಿದೆ. ಕೂತು ಉಣ್ಣುವುದು ಕಲಿಸಲಿಲ್ಲ.

ಬರುವ ಭಾನುವಾರ ಬರುತ್ತೇನೆ. ನಿನ್ನ ಅತ್ತೆಗೆ ಹೇಳುವುದನ್ನು ನಾನೇ ಹೇಳುತ್ತೇನೆ. ನೀನು ಬಟ್ಟಲಿನ ಮುಂದೆ ಕೂರುವವರೆಗೆ ನಾನು ನಿಮ್ಮ ಮನೆಯಲ್ಲಿ ತುತ್ತು ಎತ್ತುವುದಿಲ್ಲ.