ರೇಡಿಯೊ ಅತ್ತೆ ಸುಮ್ಮನಾದಳು

ಬೈಂಡಿಂಗ್ ಶಾಪಿನಿಂದ,
ಜೂನ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲು ಕಡಿದು. ಅತ್ತಿಗೆ ಕೈ ಹಿಡಿಯಲು ಬಂದರೆ ಬೇಡ ಅನ್ನಬೇಡ, ನಿನ್ನ ಹಟ ನನಗೆ ಗೊತ್ತು. ನಿನ್ನ ಅಳಿಯಂದಿರು ಕೆಮ್ಮೊಂದು ಬಿಟ್ಟರೆ ಚೆನ್ನಾಗಿದ್ದಾರೆ.

ನಾನು ಮೇಲ್ವಿಚಾರಕಿಯಾದೆ ಅಂತ ನೀನು ಬೀದಿಗೆಲ್ಲ ಹೇಳಿಕೊಂಡು ಬಂದೆಯಂತೆ. ಆಮೇಲಿನದನ್ನು ಬರೆಯಲು ಕೈ ಏಳಲಿಲ್ಲ. ನಿನ್ನ ಕಾಲದಲ್ಲಿ ಹಾಳೆ ಮಡಚುವ ಮೇಜಿನ ಸುತ್ತ ಕೆಲಸ ಯಾವುದು, ಹರಟೆ ಯಾವುದು ಎಂದು ಬೇರೆ ಮಾಡಲು ಆಗುತ್ತಿರಲಿಲ್ಲ. ನಿನ್ನ ಗೆಳತಿ ರೇಡಿಯೊ ಅತ್ತೆ ಪಕ್ಕದ ಮನೆಯ ಜಗಳವನ್ನು ಕಂತುಕಂತಾಗಿ ಬಿಚ್ಚುತ್ತಿದ್ದಳು, ನೀವೆಲ್ಲ ನಗುನಗುತ್ತಲೇ ಕಟ್ಟು ಮುಗಿಸುತ್ತಿದ್ದಿರಿ. ಈಗ ಮಡಚುವುದಕ್ಕೆ ಯಂತ್ರ ಬಂದಿದೆ. ಕೈಗೆ ಕೆಲಸ ಕಡಿಮೆಯಾಗಿ ಕಣ್ಣಿಗೆ ಹೆಚ್ಚಾಗಿದೆ. ಹಾಳೆ ಓರೆಯಾಗಿ ಬಂತೇ ಎಂದು ನೋಡುತ್ತ ನಿಲ್ಲಬೇಕು. ಹೊಸ ಹುದ್ದೆಯ ಹುರುಪಿನಲ್ಲಿ ನಾನು ಹೆಂಗಸರು ದಣಿವಾರಿಸಿಕೊಳ್ಳುತ್ತಿದ್ದ ಕಿಟಕಿ ಬಳಿಯ ಬೆಂಚು ತೆಗೆಸಿದೆ, ಮಾತೂ ನಿಲ್ಲಿಸಿದೆ. ಮಾಲೀಕರು ಹೇಳಿರಲಿಲ್ಲ ಅಮ್ಮಾ, ನನಗೇ ತೋಚಿದ್ದು.

ಮೊದಮೊದಲು ಕಟ್ಟುಗಳು ಬೇಗ ಬೇಗ ಏರಿದವು, ಮಾಲೀಕರು ಶಹಭಾಸ್ ಎಂದರು. ಆಮೇಲೆ ಹೆಂಗಸರು ಒಬ್ಬೊಬ್ಬರೇ ಬಚ್ಚಲಿಗೆ ಹೋಗಿ ಕೂರತೊಡಗಿದರು. ಬಿಡುವು ಎಲ್ಲಿಗೂ ಹೋಗಿರಲಿಲ್ಲ, ನನ್ನ ಕಣ್ಣು ತಪ್ಪಿಸಿಕೊಂಡಿತ್ತು ಅಷ್ಟೆ. ಒಂದು ದಿನ ಯಂತ್ರದ ಬಳಿ ನೋಡುವವರಿಲ್ಲದೆ ಓರೆ ಹಾಳೆಗಳು ಹಾಗೇ ಹೊಲಿಗೆಗೆ ಹೋಗಿ, ಶಾಲಾ ಪುಸ್ತಕಗಳನ್ನೆಲ್ಲ ಬಿಚ್ಚಬೇಕಾಯಿತು. ಎಲ್ಲರೆದುರು ನಾನು ಬೈದದ್ದು ಅತ್ತೆಯನ್ನು. ನೀನು ಜ್ವರದಲ್ಲಿ ಮಲಗಿದಾಗ ನನ್ನನ್ನು ಮಡಿಲಲ್ಲಿಟ್ಟುಕೊಂಡೇ ಹಾಳೆ ಮಡಚಿದವಳನ್ನು. ಅವಳು ಏಪ್ರನ್ ಬಿಚ್ಚಿಟ್ಟು, "ಕೆಲ್ಸ ನಂಗೆ ಯಾವತ್ತೂ ಭಾರ ಅನ್ಸಿಲ್ಲ ಕಣೇ ಮಗಳೇ. ಬಾಯಿ ಮುಚ್ಕೊಂಡು ಮಾಡೋಕೆ ಆಗ್ತಿಲ್ಲ," ಅಂದು ಹೊರಟೇಬಿಟ್ಟಳು.

ಬೆಂಚು ಮತ್ತೆ ಹಾಕಿಸಿದ್ದೇನೆ. ಮಾತಾಡಿ ಎಂದೂ ಹೇಳಿದೆ. ಯಾರೂ ಕೂರುವುದಿಲ್ಲ, ನಾನು ಬಂದರೆ ತಲೆ ತಗ್ಗಿಸುತ್ತಾರೆ. ನಾನು ಮಾತ್ರ ಗಾಜಿನ ಕೋಣೆಯಲ್ಲಿ ಕುರ್ಚಿಗೆ ಒರಗಿ, ಕೆಲಸದ ಹೊತ್ತಿನಲ್ಲೇ ನಿನಗೆ ಕಾಗದ ಬರೆಯುತ್ತಿದ್ದೇನೆ. ಕೇಳುವವರಿಲ್ಲ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು. ಬೈಯಬೇಕೆನಿಸಿದರೆ ಬೈ, ಆದರೆ ಆಶೀರ್ವಾದ ಮಾತ್ರ ಕಡಿಮೆ ಮಾಡಬೇಡ.

ನಿನ್ನ ಕಿರಿಮಗಳು

ಇನ್ನೊಂದು ಮಾತು: ಭಾನುವಾರ ಅತ್ತೆ ನಿನ್ನನ್ನು ನೋಡಲು ಬರುತ್ತಾಳಂತೆ. ಕೇಳಿದವರಿಗೆಲ್ಲ ವಯಸ್ಸಾಯಿತು, ಕೆಲಸ ಬಿಟ್ಟೆ ಎನ್ನುತ್ತಾಳೆ, ನನ್ನ ಹೆಸರು ಎತ್ತುವುದಿಲ್ಲ. ಎರಡು ಸಲ ಅವಳ ಬಾಗಿಲ ತನಕ ಹೋಗಿ, ತಟ್ಟಲಾಗದೆ ತಿರುಗಿ ಬಂದಿದ್ದೇನೆ. ಕೆಲಸಕ್ಕೆ ಮರಳಿ ಹೋಗು ಎಂದು ನೀನು ಹೇಳು ಅಮ್ಮಾ, ನೀನು ಹೇಳಿದರೆ ಬಂದಾಳು.