ಹಸಿರಾಗಿಬಿಟ್ಟ ಕಪ್ಪು ಗಿಡ

ಇವಳೇ,

ನೀನು ಸಿಟ್ಟು ಮಾಡಿಕೊಂಡು ನಿನ್ನಕ್ಕನ ಮನೆಗೆ ಹೋಗಿ ಐದು ವಾರವಾಯಿತು. ಜಗಳದ ವಿಷಯ ಬರೆಯುವುದಿಲ್ಲ, ಗಿಡದ್ದು ಬರೆಯುತ್ತೇನೆ.

ತಾರಸಿಯ ಮೇಲಿದ್ದ ನಿನ್ನ ದಪ್ಪ ಎಲೆಯ ಕಪ್ಪು ಗಿಡ ಬಿಸಿಲಿಗೆ ಸುಟ್ಟು ಕಪ್ಪಾಗಿದೆ ಅಂದುಕೊಂಡು ಒಳಗೆ ತಂದು ಹೊಲಿಗೆ ಮಷೀನಿನ ಪಕ್ಕ ಇಟ್ಟೆ. ದಿನಕ್ಕೊಂದು ಲೋಟ ನೀರು ಹಾಕಿದೆ. ನಾಲ್ಕು ವಾರಕ್ಕೆ ಎಲೆಗಳು ಹಸಿರಾದವು. ಗುಣವಾಯಿತು ಅಂತ ಬಂದ ಗಿರಾಕಿಗಳಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಮೊನ್ನೆ ಅಂಗಿ ಹೊಲಿಸಲು ಬಂದ ನರ್ಸರಿಯಾಕೆ ನಕ್ಕುಬಿಟ್ಟಳು. "ಅಣ್ಣಾ, ಇದಕ್ಕೆ ಕಪ್ಪೇ ಆರೋಗ್ಯ. ಬಿಸಿಲಿಲ್ಲದೆ ಸೊರಗಿ ಹಸಿರಾಗಿದೆ. ಬೇರು ಕೊಳೆಯೋಕೆ ಮೊದಲು ನೀರು ನಿಲ್ಲಿಸಿ" ಅಂದಳು.

ನೀನು ಹೋದಮೇಲೆ ಮನೆಯಲ್ಲಿ ಒಂದು ಮಾತಿಲ್ಲ, ಸದ್ದಿಲ್ಲ. ಅದನ್ನೂ ನಾನು ನೆಮ್ಮದಿ ಅಂದುಕೊಂಡಿದ್ದೆ.

ಈಗ ಬೆಳಗ್ಗೆ ಸ್ವಲ್ಪ ಹೊತ್ತು ಗಿಡವನ್ನು ಬಿಸಿಲಿಗಿಡುತ್ತಿದ್ದೇನೆ. ಆದರೆ ಮಣ್ಣು ಒಣಗಿದ್ದು ನಿನಗೆ ಹೇಗೆ ಗೊತ್ತಾಗುತ್ತಿತ್ತು, ಬೆರಳಿಟ್ಟು ನೋಡುತ್ತಿದ್ದೆಯೋ, ಕುಂಡ ಎತ್ತಿಯೋ? ನಾನು ಒಂದು ದಿನವೂ ಗಮನಿಸಿರಲಿಲ್ಲ. ಬರೆದು ತಿಳಿಸು. ಬಂದು ತೋರಿಸಿಕೊಟ್ಟರೆ ಇನ್ನೂ ಬೇಗ ಕಲಿಯುತ್ತೇನೆ.

ಇಂತಿ,
ನಿನ್ನ ಟೈಲರ್