ಒಂದು ದಿನದ ಜ್ವರ

ಅಕ್ಟೋಬರ್ 14, ಮಂಗಳವಾರ
ಮತ್ತೆ ಸಭೆ. ಮತ್ತೆ ಕಾಫಿ. ಮೂವತ್ತಮೂರು ಜನರ ಸಂಸತ್ತು, ಒಬ್ಬ ಸೀನಿದರೆ ದ್ವೀಪಕ್ಕೆಲ್ಲ ಗೊತ್ತು. ಸಂಸದೆಯಾಗಿ ರಾಜಧಾನಿ ಟೋರ್ಶಾವ್ನ್‌ಗೆ ಬಂದು ಎರಡು ವರ್ಷ. ಅದಕ್ಕೆ ಮುಂಚೆ ಇಪ್ಪತ್ತೇಳು ವರ್ಷ ಊರಿನ ಫ್ಯಾಕ್ಟರಿಯಲ್ಲಿ ಮೀನು ಕೊಯ್ದವಳು. ಈಗಲೂ ಪೆನ್ನಿಗಿಂತ ಚಾಕುವೇ ಕೈಗೆ ಹೊಂದುತ್ತದೆ.

ಮೀನಿನ ಮಸೂದೆ ಬಂತು. ಹಿಡಿದದ್ದನ್ನು ಹಡಗಿನಲ್ಲೇ ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಸಾಗಿಸಬಹುದಂತೆ. ದಡಕ್ಕೆ ತರಬೇಕಿಲ್ಲ. ಅಂದರೆ ನಮ್ಮ ಫ್ಯಾಕ್ಟರಿಗೆ ಬೀಗ. ನಲವತ್ತು ಜನ ಬೀದಿಗೆ. ತಂದವರು ಯಾರು? ನಾವೇ. ಕೋಟಿಗೆ ಕೆಂಪು ಗುಲಾಬಿ ಚುಚ್ಚಿಕೊಂಡ ಸಮಾಜವಾದಿಗಳು. ಥೂ.

ಅಕ್ಟೋಬರ್ 16
ಎಲ್ಸ್ಪಾ ಫೋನ್. ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮೇಜಿನವಳು.
"ನೀನು ಅಲ್ಲಿದ್ದೀಯಲ್ಲ ಅಂತ ನೆಮ್ಮದಿಯಾಗಿದೀವಿ ಕಣೇ. ಮತ ಹಾಕೋವಾಗ ತೂಕಡಿಸ್ಬೇಡ, ಅಷ್ಟೆ!"
ಸರ್ಕಾರದ ಬಹುಮತ ಒಂದೇ ಒಂದು. ನಾನು 'ಬೇಡ' ಅಂದರೆ ಸಾಕು, ಮಸೂದೆ ಬೀಳುತ್ತದೆ.

ಅಕ್ಟೋಬರ್ 21
ಹೊಗ್ನಿ ಕರೆದ. ಪಕ್ಷದ ನಾಯಕ. ಮೇ ಒಂದರ ಮೆರವಣಿಗೆಯಲ್ಲಿ ಬಾವುಟದ ಒಂದು ಕೋಲು ನನ್ನಪ್ಪ ಹಿಡಿದರೆ, ಇನ್ನೊಂದು ಅವನಪ್ಪ.
"ಮೀನಿನ ಮಸೂದೆ ಬಿದ್ರೆ ಸರ್ಕಾರನೂ ಬೀಳುತ್ತೆ. ಸರ್ಕಾರ ಬಿದ್ರೆ ಮುದುಕರ ಪಿಂಚಣಿ ಮಸೂದೆನೂ ಹೋಯ್ತು, ಮಾರ್ಯುನ್."
"ನನ್ನ ಕೈಲಿ ಹೂಂ ಅನ್ನಕ್ಕಾಗಲ್ಲ."
"ಅನ್ನು ಅಂದೋರ್ಯಾರು? ಶುಕ್ರವಾರ ಮತದಾನ. ಅವತ್ತು ನಿಂಗೆ ಹುಷಾರಿಲ್ಲ. ರಜೆ ಚೀಟಿ ಬರಿ. ಪಕ್ಷದ ಚುನಾವಣಾ ಪಟ್ಟೀಲಿ ನಿನ್ನ ಕೆಳಗಿರೋ ವಕೀಲ ಹನುಸ್ ನಿನ್ನ ಬದಲಿಗೆ ಬಂದು ಕೂರ್ತಾನೆ, ಹೂಂ ಅಂತಾನೆ. ನಿನ್ನ ಕೈ ಚೊಕ್ಕ."
"ನಂಗೇನು ಕಾಯಿಲೆ?"
"ಏನೋ ಒಂದು. ಜ್ವರ ಇಟ್ಕೋ."
ಎದ್ದು ಬರಬೇಕಿತ್ತು. ಕೂತು ಕಾಫಿ ಮುಗಿಸಿದೆ.

ಅಕ್ಟೋಬರ್ 23
ಚೀಟಿ ಕೊಟ್ಟೆ. ಪಿಂಚಣಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಪಕ್ಷ ಬಿಟ್ಟರೆ ನಾನು ಯಾರೂ ಅಲ್ಲ ಎಂದು ಹೆದರಿದೆ... ಸಂಜೆಯ ಫೆರಿ ಹತ್ತಿ ಊರಿಗೆ ಬಂದೆ.

ಅಕ್ಟೋಬರ್ 24, ಶುಕ್ರವಾರ. ಬೆಳಿಗ್ಗೆ 11
ರೇಡಿಯೋದಲ್ಲಿ ಹೇಳಿದರು — ಮಾರ್ಯುನ್ ಅನಾರೋಗ್ಯದ ರಜೆ, ಬದಲಿಗೆ ಹನುಸ್. ಹದಿನೇಳು, ಹದಿನಾರು. ಪಾಸು.

ಮಧ್ಯಾಹ್ನ 2
ಎಲ್ಸ್ಪಾ ಬಂದಿದ್ದಳು. ಫ್ಯಾಕ್ಟರಿಯ ಬೂಟಿನಲ್ಲೇ. ಕೈಯಲ್ಲಿ ಕುರಿಮಾಂಸದ ಸಾರು.
"ಪಾಪ, ಇವತ್ತೇ ಕಾಯಿಲೆ ಬೀಳ್ಬೇಕಿತ್ತಾ ನೀನು! ಎಲ್ರೂ ಅದೇ ಮಾತು. ಕಾಲಲ್ಲಿ ಶಕ್ತಿ ಇದ್ದಿದ್ರೆ ಮಾರ್ಯುನ್ ತೆವಳ್ಕೊಂಡಾದ್ರೂ ಹೋಗ್ತಿದ್ಲು ಅಂತ."
ಕಂಬಳಿ ಹೊದ್ದು ಕೂತಿದ್ದೆ. ನಾಚಿಕೆಯಿಂದ ಸತ್ತೇ ಹೋಗುವಂತಾಯಿತು. ಅವಳು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ನನ್ನ ಹಣೆ ಮುಟ್ಟಿದಳು. ಕೈ ಅಲ್ಲೇ ನಿಂತಿತು. ಕೆನ್ನೆ ಮುಟ್ಟಿದಳು. ಮತ್ತೆ ಹಣೆ.
"ಸಾರು ಬಿಸಿ ಇದೆ," ಅಂದಳು. "ಪಾತ್ರೆ ವಾಪಸ್ ತರೋದೇನೂ ಬೇಡ."
ಕಿಟಕಿಯಿಂದ ಕಾಣುತ್ತಿದೆ. ಫ್ಯಾಕ್ಟರಿ ಬಾಗಿಲಲ್ಲಿ ಎಲ್ಲರೂ ನಿಂತಿದ್ದಾರೆ. ನನ್ನ ಆರೋಗ್ಯ ವಿಚಾರಿಸುತ್ತಾರೆ, ಖಂಡಿತ. ಎಲ್ಸ್ಪಾ ಅವರ ಹತ್ತಿರ ಹೋದಳು. ಈಗ ಹೇಳುತ್ತಿದ್ದಾಳೆ—